10×11 ಅಡಿ ಕೋಣೆ, 30,000 ರೂಪಾಯಿ: ಜಿಮ್ ಮುಂದುವರಿಸೋದೋ, ಮನೆಗೇ ಸಾಮಾನು ತರೋದೋ?

ನಂದಿಬಟ್ಟಲು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮಿಬ್ಬರ ಜಿಮ್ ಸದಸ್ಯತ್ವ ಮುಂದಿನ ತಿಂಗಳು ಮುಗಿಯುತ್ತೆ. ಒಬ್ಬರಿಗೆ ವರ್ಷಕ್ಕೆ 15,000, ಇಬ್ಬರಿಗೆ 30,000. ಹೋಗಿ ಬರೋಕೆ 50 ನಿಮಿಷ, ವಾರಕ್ಕೆ ನಾಲ್ಕು ದಿನ. ಅದೇ ದುಡ್ಡನ್ನು ಮನೆಯ ಸಾಮಾನಿಗೆ ಹಾಕಿದರೆ ಹೇಗೆ?

ನಮ್ಮದು ಬೆಂಗಳೂರಲ್ಲಿ ಬಾಡಿಗೆ ಫ್ಲ್ಯಾಟ್, 3ನೇ ಮಹಡಿ, ವಿಟ್ರಿಫೈಡ್ ಟೈಲ್ಸ್. ಖಾಲಿ ಇರುವ ಕೋಣೆ 10×11 ಅಡಿ. ಗೋಡೆಗೆ ಡ್ರಿಲ್ ಮಾಡೋಕೆ ಮಾಲೀಕರು ಬಿಡಲ್ಲ. ಯಜಮಾನರು ಈಗ ಸ್ಕ್ವಾಟ್ (ತೂಕ ಹೊತ್ತು ಕುಳಿತೇಳೋದು) 70 ಕೆ.ಜಿ., ಬೆಂಚ್ ಪ್ರೆಸ್ (ಮಲಗಿ ಎದೆ ಮೇಲಿಂದ ತೂಕ ತಳ್ಳೋದು) 50 ಕೆ.ಜಿ. ಮಾಡ್ತಾರೆ. ನಾನು 7.5 ಕೆ.ಜಿ. ಡಂಬಲ್‌ವರೆಗೆ. ಅತ್ತೆಯವರಿಗೆ 62 ವರ್ಷ, ಸಕ್ಕರೆ ಕಾಯಿಲೆ ಇದೆ, ಮಂಡಿ ನೋವಿದೆ, ಮಳೆಗಾಲ ಬಂದರೆ ವಾಕಿಂಗ್ ನಿಂತುಹೋಗುತ್ತೆ. ಮೂವರಿಗೂ ಆಗುತ್ತೆ ಅಂತ ಟ್ರೆಡ್‌ಮಿಲ್ ಕಡೆ ಮನಸ್ಸಿದೆ. ಸರೀನಾ? ನೆಲ ಆ ತೂಕ ತಡೆಯುತ್ತಾ?

ಕಬ್ಬಿಣಗುಂಡು

ಮೇಡಂ, ನಾಲ್ಕು ದಿನಕ್ಕೆ 50 ನಿಮಿಷ ಅಂದರೆ ವಾರಕ್ಕೆ 200 ನಿಮಿಷ ಬರೀ ರಸ್ತೆಯಲ್ಲಿ ಹೋಗುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳಿರುವುದೇ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ, ಜತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ಕಸರತ್ತು. ಓಡಾಟದ ಹೊತ್ತು ಉಳಿದರೆ ಅದರಲ್ಲೇ ಎರಡೂ ಮುಗಿಯುತ್ತವೆ. ಹಾಗಾಗಿ ಮನೆಗೆ ತರುವ ಯೋಚನೆ ಸರಿಯಾಗಿಯೇ ಇದೆ. ಆದರೆ 30,000ದಲ್ಲಿ ಟ್ರೆಡ್‌ಮಿಲ್ ತಂದರೆ ಅಲ್ಲಿಗೇ ದುಡ್ಡು ಮುಗಿಯಿತು, ಯಜಮಾನರ 70 ಕೆ.ಜಿ. ಸ್ಕ್ವಾಟ್‌ಗೆ ಮನೆಯಲ್ಲಿ ಏನೂ ಉಳಿಯುವುದಿಲ್ಲ. ನಡಿಗೆ ರಸ್ತೆಯಲ್ಲೋ ಪಾರ್ಕಿನಲ್ಲೋ ಬಿಟ್ಟಿ ಸಿಗುತ್ತದೆ, ತೂಕ ಸಿಗುವುದಿಲ್ಲ. ಮೊದಲು ಕಬ್ಬಿಣ ತನ್ನಿ.

ಕೂಡಿಸಿ ಕಳೆಯುವ ಡಂಬಲ್ ಸೆಟ್ ನಿಮಗೆ ಸರಿಹೊಂದುತ್ತದೆ. ಎರಡು ಡಂಬಲ್ ರಾಡು, ಒಂದು 5 ಅಡಿ ನೇರ ರಾಡು, ಪ್ಲೇಟುಗಳು 1.25 ಕೆ.ಜಿ. ನಾಲ್ಕು, 2.5 ಕೆ.ಜಿ. ನಾಲ್ಕು, 5 ಕೆ.ಜಿ. ನಾಲ್ಕು, 10 ಕೆ.ಜಿ. ಎರಡು. ಈ ಜೋಡಣೆ ಸುಮ್ಮನೆ ಹೇಳಿದ್ದಲ್ಲ. ಮೊದಲ ಮೂರು ಬಗೆಯಿಂದ ಒಂದೊಂದು ಡಂಬಲ್‌ಗೂ 2.5, 5, 7.5, 10, 12.5, 15, 17.5 ಹೀಗೆ ಎರಡೂವರೆ ಕೆ.ಜಿ. ಮೆಟ್ಟಿಲಲ್ಲಿ ಏರಬಹುದು, ನಡುವೆ ಎಲ್ಲೂ ಕಂದಕವಿಲ್ಲ. ರಾಡು ಮತ್ತು ನಟ್ಟುಗಳ ತೂಕ ಸುಮಾರು 2 ಕೆ.ಜಿ. ಅಂತ ಹಿಡಿದರೆ ಮೇಲಿನ ಮಿತಿ 19.5. ಎಲ್ಲ ಪ್ಲೇಟನ್ನೂ ಉದ್ದ ರಾಡಿಗೆ ಹಾಕಿದರೆ ಪ್ಲೇಟೇ 55 ಕೆ.ಜಿ., ರಾಡಿನ ತೂಕ ಬೇರೆ.

ಅಂಗಡಿಯಲ್ಲಿ ಮೂರು ಬಗೆಯ ಪ್ಲೇಟು ತೋರಿಸುತ್ತಾರೆ. ಪ್ಲಾಸ್ಟಿಕ್ ಚಿಪ್ಪಿನೊಳಗೆ ಸಿಮೆಂಟ್ ತುಂಬಿದ್ದು ಅಗ್ಗ. ಆದರೆ ಸಿಮೆಂಟಿನ ಸಾಂದ್ರತೆ ಕಬ್ಬಿಣದ ಮೂರನೇ ಒಂದು ಭಾಗದಷ್ಟೇ. ಅದೇ ತೂಕಕ್ಕೆ ಪ್ಲೇಟು ದಪ್ಪವಾಗಿ ಡಂಬಲ್ ರಾಡಿನ ತುದಿಯಲ್ಲಿ ಮೂರು ಪ್ಲೇಟು ಹಾಕುವಷ್ಟರಲ್ಲಿ ನಟ್ಟಿಗೆ ಜಾಗವೇ ಇರುವುದಿಲ್ಲ. ಒಂದೆರಡು ಸಲ ಬಿದ್ದರೆ ಅಂಚು ಬಿರಿದು ಪುಡಿ ಸುರಿಯುತ್ತದೆ. ಬರೀ ಎರಕದ ಕಬ್ಬಿಣ ಬಾಳಿಕೆಯದು, ಟೈಲ್ಸ್‌ಗೆ ಮಾತ್ರ ವೈರಿ. ಬಾಡಿಗೆ ಮನೆಗೆ ರಬ್ಬರ್ ಹೊದಿಸಿದ ಕಬ್ಬಿಣವೇ ಒಳ್ಳೆಯದು. ಹೊಸದರಲ್ಲಿ ಟೈರಿನ ವಾಸನೆ ಬರುತ್ತದೆ, ಸೋಪಿನ ನೀರಲ್ಲಿ ಒರೆಸಿ ನಾಲ್ಕೈದು ದಿನ ಬಾಲ್ಕನಿಯ ನೆರಳಲ್ಲಿಡಿ. ಬೆಲೆ ಹೋಲಿಸುವಾಗ ಸೆಟ್ಟಿನ ಬೆಲೆಯನ್ನು ಒಟ್ಟು ಕೆ.ಜಿ.ಯಿಂದ ಭಾಗಿಸಿ ನೋಡಿ. 'ಉಚಿತ' ಗ್ಲೌಸು, ಹಗ್ಗ, ಬ್ಯಾಗು ಹಾಕಿ ಕೆ.ಜಿ. ಕಡಿಮೆ ಮಾಡಿರುತ್ತಾರೆ. ತೂತಿನ ಅಳತೆಯನ್ನೂ ಕೇಳಿ. ಮನೆ ಸೆಟ್ಟಿನ ಪ್ಲೇಟಿನ ತೂತು 30 ಮಿ.ಮೀ. ಆಸುಪಾಸು, ಒಲಿಂಪಿಕ್ ಪ್ಲೇಟಿನದು 50 ಮಿ.ಮೀ. ಎರಡನ್ನೂ ಬೆರೆಸಿ ಕೊಂಡರೆ ಒಂದರ ಪ್ಲೇಟು ಇನ್ನೊಂದರ ರಾಡಿಗೆ ಆಗುವುದಿಲ್ಲ. ಮನೆಗೆ ಬಂದ ಮೇಲೆ ಪ್ರತಿ ಪ್ಲೇಟನ್ನೂ ತಕ್ಕಡಿಗಿಟ್ಟು ಜೋಡಿ ಮಾಡಿ. ಎಡಕ್ಕೂ ಬಲಕ್ಕೂ 300 ಗ್ರಾಂ ವ್ಯತ್ಯಾಸವಿದ್ದರೆ ಮಣಿಕಟ್ಟಿಗೆ ಗೊತ್ತಾಗುತ್ತದೆ.

ರಾಡಿನ ತುದಿಯಲ್ಲಿ ಪ್ಲೇಟು ಹಿಡಿದಿಡುವ ಸ್ಟಾರ್ ನಟ್ಟು ಎತ್ತಿಳಿಸುವಾಗ ತಾನಾಗಿಯೇ ಸಡಿಲವಾಗುತ್ತದೆ. ನಟ್ಟಿನೊಳಗೆ ರಬ್ಬರ್ ವಾಷರ್ ಇದೆಯೇ ನೋಡಿ, ಪ್ರತಿ ಸುತ್ತು ಕಸರತ್ತಿಗೂ ಮೊದಲು ಕೈಯಲ್ಲಿ ಬಿಗಿ ಮಾಡಿ. ಮಲಗಿ ಪ್ರೆಸ್ ಮಾಡುವಾಗ ಸಡಿಲ ಪ್ಲೇಟು ಬೀಳುವ ಜಾಗ ಮುಖ. ಇದರಲ್ಲಿ ಉದಾಸೀನ ಬೇಡ.

ನೆಲದ ವಿಷಯ. ವಾಸದ ಕೋಣೆಗಳ ನೆಲದ ಸ್ಲ್ಯಾಬನ್ನು ಐಎಸ್ 875ರ (ಕಟ್ಟಡದ ಭಾರದ ಭಾರತೀಯ ಮಾನಕ) ಪ್ರಕಾರ ಪ್ರತಿ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆ.ಜಿ. ಭಾರ ಹಿಡಿದು ವಿನ್ಯಾಸ ಮಾಡುತ್ತಾರೆ. ನಿಮ್ಮ ಕೋಣೆ ಸುಮಾರು 10 ಚದರ ಮೀಟರ್. ನಿಂತ ತೂಕದಿಂದ ಏನೂ ಆಗುವುದಿಲ್ಲ. ಕೆಡಿಸುವುದು ಬೀಳುವ ತೂಕ: ಟೈಲ್ಸ್ ಒಡೆಯುತ್ತದೆ, ಕೆಳಮನೆಯವರಿಗೆ ಗುಡುಗು ಕೇಳುತ್ತದೆ. 4×6 ಅಡಿಯಷ್ಟು ಜಾಗಕ್ಕೆ 10ರಿಂದ 15 ಮಿ.ಮೀ. ದಪ್ಪದ ಗಟ್ಟಿ ರಬ್ಬರ್ ಹಾಸು ಹಾಕಿ. ಬಣ್ಣಬಣ್ಣದ ಜೋಡಿಸುವ ಫೋಮ್ ಚೌಕಗಳು ಯೋಗಕ್ಕೆ ಸರಿ, ತೂಕ ಹಿಡಿದು ನಿಂತಾಗ ಪಾದ ಒಳಗೆ ಇಳಿದು ಹಿಮ್ಮಡಿ ಅಲುಗಾಡುತ್ತದೆ.

ಬೆಂಚಿನ ಮೇಲೆ ಬರೆದ ಭಾರಮಿತಿ ಸಾಮಾನ್ಯವಾಗಿ ಮನುಷ್ಯನ ತೂಕವೂ ಸೇರಿದ್ದು. ಯಜಮಾನರು 75 ಕೆ.ಜಿ. ಇದ್ದು ಎರಡು 20ರ ಡಂಬಲ್ ಹಿಡಿದರೆ ಅಲ್ಲಿಗೆ 115 ಆಯಿತು. 200ಕ್ಕೆ ಕಡಿಮೆ ಇರುವುದನ್ನು ತರಬೇಡಿ. ಎತ್ತರ 43ರಿಂದ 45 ಸೆಂ.ಮೀ. ಇದ್ದರೆ ಮಲಗಿದಾಗ ನಿಮ್ಮ ಪಾದವೂ ನೆಲಕ್ಕೆ ಊರುತ್ತದೆ. ಅಂಗಡಿಯಲ್ಲೇ ಮಲಗಿ ಮೈ ಎಡಬಲಕ್ಕೆ ಅಲ್ಲಾಡಿಸಿ, ಕಾಲು ಕಿರುಗುಟ್ಟಿದರೆ ಬಿಟ್ಟುಬಿಡಿ.

ಬೆಲ್ಟ್_ಬೇರಿಂಗ್

ಅಕ್ಕಾರ, ಟ್ರೆಡ್‌ಮಿಲ್ ಬಗ್ಗೆ ಕಬ್ಬಿಣಗುಂಡು ಹೇಳಿದ್ದು ನಿಮ್ಮ ಬಜೆಟ್ಟಿಗೆ ಖರೆ ಐತಿ. ಆದ್ರೂ ಅದು ಕೆಡೋದು ಯಾಕಂತ ತಿಳ್ಕೊಂಡು ಬಿಡೋದು ಛಲೋ, ಇಲ್ಲಾಂದ್ರ ನಾಳೆ ಹಬ್ಬದ ಆಫರ್ ನೋಡಿ ಮನಸ್ಸು ಬದಲಾಗತೈತಿ.

ಡಬ್ಬಿ ಮ್ಯಾಲೆ '4 ಎಚ್‌ಪಿ' ಅಂತ ದೊಡ್ಡ ಅಕ್ಷರದಾಗ ಇರತೈತಿ, ಪಕ್ಕದಾಗ ಸಣ್ಣದಾಗಿ 'ಪೀಕ್'. ಪೀಕ್ ಅಂದ್ರ ಒಂದು ಕ್ಷಣಕ್ಕ ಮೋಟರ್ ಕೊಡೋ ಗರಿಷ್ಠ ಶಕ್ತಿ. ನಿಮಗ ಬೇಕಾದ್ದು ಕಂಟಿನ್ಯುಯಸ್ ಎಚ್‌ಪಿ, ಅಂದ್ರ ಮೋಟರ್ ಸತತವಾಗಿ ಕೊಡೋ ಶಕ್ತಿ, ಅದು ಬಹಳ ಸಲ ಪೀಕ್‌ನ ಅರ್ಧ. ನಡಿಗೆಗೆ ಕಂಟಿನ್ಯುಯಸ್ 1.5ರಿಂದ 2 ಸಾಕು, ದಿನಾ ಓಡಾಕ 2.5ರಿಂದ 3 ಬೇಕು. ಬೆಲ್ಟ್ ನಡಿಗೆಗೆ 120×40 ಸೆಂ.ಮೀ. ನಡದೀತು, ಓಟಕ್ಕ 140×50 ಹತ್ತಿರ ಇರಬೇಕು. 30,000ದೊಳಗ ಸಿಗೋವು ಹೆಚ್ಚಾಗಿ ನಡಿಗೆ ಯಂತ್ರನ. ಅದರ ಮ್ಯಾಲೆ ಯಜಮಾನ್ರು ದಿನಾ ಅರ್ಧ ತಾಸು ಓಡಿದ್ರ ಮೋಟರ್ ನಡಸೋ ಕಂಟ್ರೋಲರ್ ಬೋರ್ಡು ಬಾಳಂಗಿಲ್ಲ.

ಬೋರ್ಡು ಸುಡೋದಕ್ಕ ಎಲ್ಲಕ್ಕಿಂತ ಸಾಮಾನ್ಯ ಕಾರಣ ಎಣ್ಣಿ ಇಲ್ಲದ ಬೆಲ್ಟ್. ಬೆಲ್ಟ್‌ಗೂ ಕೆಳಗಿನ ಹಲಗಿಗೂ ನಡುವ ಸಿಲಿಕೋನ್ ಎಣ್ಣಿ ಒಣಗಿದ್ರ ತಿಕ್ಕಾಟ ಹೆಚ್ಚಾಗತೈತಿ, ಮೋಟರ್ ಹೆಚ್ಚು ಕರೆಂಟ್ ಎಳಿತೈತಿ, ಆ ಕರೆಂಟ್ ಹಾಯೋ ಕಂಟ್ರೋಲರ್ ಬೋರ್ಡು ಕಾದು ಹೋಗತೈತಿ. ಎರಡು ಮೂರು ತಿಂಗಳಿಗೊಮ್ಮೆ ಬೆಲ್ಟ್ ಅಂಚು ಎತ್ತಿ, ಕೈ ಒಳಗ ಹಾಕಿ ಮುಟ್ಟಿ ನೋಡ್ರಿ. ಒಣ ಅನ್ನಿಸಿದ್ರ ನಡುಭಾಗಕ್ಕ ಎಣ್ಣಿ ಹಾಕಿ, ಖಾಲಿ ಬೆಲ್ಟ್ ಐದು ನಿಮಿಷ ನಿಧಾನಕ್ಕ ಓಡಸ್ರಿ. ಕೊಬ್ಬರಿ ಎಣ್ಣಿ, ಎಂಜಿನ್ ಆಯಿಲ್, ತುಕ್ಕು ಬಿಡಸೋ ಸ್ಪ್ರೇ ಯಾವುದೂ ಬ್ಯಾಡ. ಬೆಲ್ಟ್ ಹಾಳಾಗತೈತಿ.

ಬೆಲ್ಟ್ ಬಲಕ್ಕ ಸರದ್ರ, ಹಿಂದಿನ ರೋಲರ್‌ನ ಬಲಗಡೆ ಬೋಲ್ಟ್‌ಗೆ ಆಲನ್ ಕೀ ಹಾಕಿ ಗಡಿಯಾರದ ದಿಕ್ಕಿಗೆ ಕಾಲು ಸುತ್ತು. ಎಡಕ್ಕ ಸರದ್ರ ಎಡ ಬೋಲ್ಟ್. ಯಂತ್ರ 3–4 ಕಿ.ಮೀ. ವೇಗದಾಗ ಖಾಲಿ ಓಡತಿರಬೇಕು, ಒಂದು ನಿಮಿಷ ಕಾದು ನೋಡಿ ಬೇಕಿದ್ರ ಇನ್ನೊಂದು ಕಾಲು ಸುತ್ತು. ಒಮ್ಮೆಲೇ ಪೂರ್ತಿ ಸುತ್ತು ತಿರುವಿದ್ರ ಬೆಲ್ಟ್ ಅತೀ ಬಿಗಿಯಾಗಿ ಬೇರಿಂಗ್ ತಿಂತೈತಿ. ಓಡೋ ಬೆಲ್ಟ್ ಹತ್ರ ಸೀರಿ ಸೆರಗು, ದುಪ್ಪಟ್ಟಾ, ಮಕ್ಕಳ ಕೈ ಇರಬಾರದು.

ಕರೆಂಟಿನ ಲೆಕ್ಕಾನೂ ನೋಡ್ರಿ. 1 ಎಚ್‌ಪಿ ಅಂದ್ರ 746 ವಾಟ್, 2 ಎಚ್‌ಪಿಗೆ ಸುಮಾರು 1,500. ಕೋಣ್ಯಾಗಿನ 6 ಆಂಪಿಯರ್ ಸಾಕೆಟ್ಟಿಗೆ 230 ವೋಲ್ಟ್‌ನಾಗ 1,380 ವಾಟ್ ಗರಿಷ್ಠ. ಅಂದಮ್ಯಾಲೆ ಅರ್ಥಿಂಗ್ ಸರಿ ಇರೋ 16 ಆಂಪಿಯರ್ ಸಾಕೆಟ್ಟೇ ಬೇಕು, ಎಕ್ಸ್‌ಟೆನ್ಶನ್ ಬಾಕ್ಸ್ ಬ್ಯಾಡ. ಮನಿ ಇನ್ವರ್ಟರ್ ಮ್ಯಾಲೆ ಓಡಸಬ್ಯಾಡ್ರಿ. ಬೆನ್ನ ಹಿಂದ 2 ಮೀಟರ್ ಖಾಲಿ ಜಾಗ ಬಿಡಬೇಕು, ಎರಡೂ ಬದಿಗೆ ಅರ್ಧ ಮೀಟರ್. ನಿಮ್ಮ ಕೋಣಿ ಉದ್ದ 11 ಅಡಿ, ಅಂದ್ರ 3.35 ಮೀಟರ್. ಯಂತ್ರದ ಉದ್ದ ಒಂದೂವರೆ ಮೀಟರಿನ ಮ್ಯಾಲೆ. ಗೋಡಿಗೆ ಒತ್ತಿ ಇಟ್ರೂ 2 ಮೀಟರ್ ಉಳಿಯಂಗಿಲ್ಲ. ಹಿಂದ ಬಿದ್ದವ್ರು ಗೋಡಿಗೂ ಓಡೋ ಬೆಲ್ಟಿಗೂ ನಡುವ ಸಿಕ್ಕೊಳ್ಳೋದು ಬಹಳ ಕೆಟ್ಟ ಗಾಯ. ನನ್ನ ಲೆಕ್ಕದಾಗ ಈ ಕೋಣಿಗೆ ಟ್ರೆಡ್‌ಮಿಲ್ ಬ್ಯಾಡ ಅನ್ನಾಕ ಇದೊಂದ ಕಾರಣ ಸಾಕು.

ಮಂಡಿಚಿಪ್ಪು

ಅತ್ತೆಯವರ ಬಗ್ಗೆ ಮಾತ್ರ ಹೇಳುತ್ತೇನೆ. ಮಂಡಿ ನೋವಿರುವವರಿಗೆ ಚಲಿಸುವ ಬೆಲ್ಟ್‌ಗಿಂತ ಸ್ಥಿರ ಸೈಕಲ್ ವಾಸಿ. ದೇಹದ ತೂಕ ಸೀಟಿನ ಮೇಲಿರುತ್ತದೆ, ಮುಗ್ಗರಿಸುವ ಭಯವಿಲ್ಲ. ಅಯಸ್ಕಾಂತದಿಂದ ಬಿಗಿ ಕೊಡುವ ಮ್ಯಾಗ್ನೆಟಿಕ್ ಬಗೆಯದು ತನ್ನಿ. ಚಕ್ರಕ್ಕೆ ಉಣ್ಣೆಯ ಪ್ಯಾಡ್ ಒತ್ತಿ ಬಿಗಿ ಕೊಡುವ ಬಗೆಯಲ್ಲಿ ಪ್ಯಾಡ್ ಸವೆದಂತೆ ಬಿಗಿ ಬದಲಾಗುತ್ತದೆ, ಸದ್ದೂ ಬರುತ್ತದೆ. ಸೀಟಿಗೆ ಏರುವಾಗ ಕಾಲು ಎತ್ತಿ ದಾಟಿಸಬೇಕಾದ ನಡುವಿನ ಅಡ್ಡಪಟ್ಟಿ ಆದಷ್ಟು ತಗ್ಗಿರಲಿ. ಸೀರೆ ಉಡುವವರಿಗೆ ಇದು ಮುಖ್ಯ. ತುಳಿಯುವಾಗ ಚೂಡಿದಾರ್ ಅಥವಾ ಪೈಜಾಮ ಹಾಕಿಕೊಳ್ಳಲಿ.

ಹೆಚ್ಚಿನವರು ತಪ್ಪುವುದು ಸೀಟಿನ ಎತ್ತರದಲ್ಲಿ. ತಗ್ಗು ಸೀಟಿನಲ್ಲಿ ಮಂಡಿ ತುಂಬಾ ಮಡಚಿ ಚಿಪ್ಪಿನ ಹಿಂಭಾಗಕ್ಕೆ ಒತ್ತಡ ಬೀಳುತ್ತದೆ, ಆಮೇಲೆ 'ಸೈಕಲ್‌ನಿಂದಲೇ ನೋವು ಹೆಚ್ಚಾಯಿತು' ಅನ್ನುತ್ತಾರೆ. ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿಯಲ್ಲಿ 25ರಿಂದ 35 ಡಿಗ್ರಿ ಬಾಗು ಉಳಿಯುತ್ತದೆ. ಸೊಂಟ ಎಡಬಲಕ್ಕೆ ತೂಗಾಡಿದರೆ ಸೀಟು ಹೆಚ್ಚಾಗಿದೆ, ಒಂದು ತೂತು ಇಳಿಸಿ. ಮೊದಲ ವಾರ ಅತಿ ಕಡಿಮೆ ಬಿಗಿಯಲ್ಲಿ 5 ನಿಮಿಷ, ದಿನಕ್ಕೆ ಎರಡು ಸಲ. ಮರುದಿನ ಬೆಳಿಗ್ಗೆ ಮಂಡಿ ಊದಿರದಿದ್ದರೆ ಪ್ರತಿ ವಾರ 2–3 ನಿಮಿಷ ಏರಿಸಿ. ಬಿಗಿ ಹೆಚ್ಚಿಸುವ ಮೊದಲು ಹೊತ್ತು ಹೆಚ್ಚಿಸಿ.

ಊಟ ಆದ ಮೇಲೆ 10–15 ನಿಮಿಷ ನಿಧಾನವಾಗಿ ತುಳಿದರೆ ಅಥವಾ ನಡೆದರೆ ರಕ್ತದ ಸಕ್ಕರೆ ಏರುವುದು ತಗ್ಗುತ್ತದೆ. ಮಳೆ ಬಂದರೆ ವರಾಂಡವೇ ಸಾಕು. ಅವರು ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಖಾಲಿ ಹೊಟ್ಟೆಯಲ್ಲಿ ಮಾಡಿಸಬೇಡಿ, ಸಕ್ಕರೆ ಇಳಿದು ಕೈ ನಡುಕ, ಬೆವರು ಬರಬಹುದು. ಗ್ಲೂಕೋಸ್ ಪುಡಿಯೋ ಸಕ್ಕರೆಯೋ ಕೈಗೆಟಕುವಲ್ಲಿರಲಿ. ಶುರು ಮಾಡುವ ಮೊದಲು ಅವರ ವೈದ್ಯರಿಗೆ ತಿಳಿಸಿ, ಪಾದದ ಸ್ಪರ್ಶವನ್ನೂ ಪರೀಕ್ಷೆ ಮಾಡಿಸಿ. ಪಾದ ಮರಗಟ್ಟಿದ್ದರೆ ಬೂಟು ಹಾಕದೆ ಪೆಡಲ್ ತುಳಿಯಬಾರದು, ಗಾಯವಾದರೂ ಗೊತ್ತಾಗುವುದಿಲ್ಲ.

ಮಂಡಿಗೆ ನಿಜವಾದ ಆಸರೆ ತೊಡೆಯ ಸ್ನಾಯು. ಗೋಡೆಗೆ ಒತ್ತಿ ಇಟ್ಟ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, 8 ಸಲದಂತೆ 3 ಸುತ್ತು, ದಿನ ಬಿಟ್ಟು ದಿನ. ಎದ್ದೇಳಲು ಕಷ್ಟವಾದರೆ ಸೀಟಿನ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರ ಮಾಡಿ, ವಾರಗಳು ಕಳೆದಂತೆ ದಿಂಬು ತೆಗೆಯಿರಿ. ಸೈಕಲ್ ಕೊಳ್ಳಲು ಆಗದಿದ್ದರೂ ಇದನ್ನು ಮಾತ್ರ ಬಿಡಬೇಡಿ.

ಗರಡಿಮಣ್ಣು

ಮೇಲಿನವರು ಹೇಳಿದ್ದಕ್ಕೆ ನನ್ನದೊಂದು ತಕರಾರು. ಡಂಬಲ್ ಸೆಟ್ಟಿನಲ್ಲಿ ತಳ್ಳುವ ಕಸರತ್ತು ಸುಲಭ, ಎಳೆಯುವುದು ಕಷ್ಟ. ನಮ್ಮ ಗರಡಿಯ ದಂಡವೂ ಬಸ್ಕಿಯೂ ದುಡ್ಡಿಲ್ಲದೆ ಎದೆ, ಭುಜ, ತೊಡೆಗೆ ಕೆಲಸ ಕೊಡುತ್ತವೆ. ಆದರೆ ಮೇಲಿಂದ ಕೆಳಕ್ಕೆ ಎಳೆಯುವ ಕೆಲಸ ಬರಬೇಕಾದರೆ ಏನಾದರೂ ನೇತಾಡಲೇಬೇಕು. ಜಿಮ್ಮಿನಲ್ಲಿ ಮೇಲಿನ ಕಂಬಿಯನ್ನು ಎದೆಗೆ ಎಳೆಯುವ ಲ್ಯಾಟ್ ಪುಲ್‌ಡೌನ್ ಬಿಟ್ಟು ಬಂದವರು ಮನೆಯಲ್ಲಿ ಮೊದಲು ಕಳೆದುಕೊಳ್ಳುವುದು ಬೆನ್ನನ್ನೇ.

ಬಾಗಿಲಿಗೆ ಹಾಕುವ ಪುಲ್‌ಅಪ್ ಬಾರ್‌ಗಳಲ್ಲಿ ಚೌಕಟ್ಟಿನ ಮೇಲಂಚಿಗೆ ಕೊಕ್ಕೆಯಂತೆ ಕೂರುವ ಬಗೆಗೆ ಮರದ ಪಟ್ಟಿ ಗೋಡೆಯಿಂದ ಹೊರಗೆ ಚಾಚಿರಬೇಕು. ನಮ್ಮಲ್ಲಿ ಬಹಳಷ್ಟು ಮನೆಗಳ ಚೌಕಟ್ಟು ಗಾರೆಗೆ ಸಮವಾಗಿರುತ್ತದೆ, ಕೊಕ್ಕೆಗೆ ಹಿಡಿತ ಸಿಗುವುದಿಲ್ಲ. ತಿರುಗಿಸಿ ಅಗಲಿಸಿ ಒತ್ತಿ ನಿಲ್ಲಿಸುವ ಬಗೆ ಗಟ್ಟಿ ಮರದ ಚೌಕಟ್ಟಿದ್ದರೆ ಮಾತ್ರ ಸ್ವಲ್ಪ ನಂಬಬಹುದು. ತೆಳು ಉಕ್ಕಿನ ತಗಡಿನ ಚೌಕಟ್ಟು ಹಿಗ್ಗಿಕೊಳ್ಳುತ್ತದೆ, ಬಾರ್ ಜಾರುತ್ತದೆ. ಡ್ರಿಲ್ ಇಲ್ಲದ ನಿಮ್ಮ ಮನೆಗೆ ನೆಲದ ಮೇಲೆ ನಿಲ್ಲುವ ಪುಲ್‌ಅಪ್ ಸ್ಟ್ಯಾಂಡ್ ಸರಿ. ತಳ ಅಗಲವಾಗಿರಲಿ, ಫ್ಯಾನಿನ ಕೆಳಗೆ ಇಡಬೇಡಿ. ಬಾರ್ 7 ಅಡಿಯಲ್ಲಿದ್ದು ಗದ್ದ ಅದರ ಮೇಲೆ ಬಂದಾಗ ತಲೆ 8 ಅಡಿಯಲ್ಲಿರುತ್ತದೆ.

ಅಷ್ಟು ಜಾಗವೂ ದುಡ್ಡೂ ಬೇಡ ಎಂದರೆ ಉದ್ದದ ರಬ್ಬರ್ ಬ್ಯಾಂಡ್ ಮೂರು ದಪ್ಪದಲ್ಲಿ, ಜತೆಗೆ ಬಾಗಿಲ ಸಂದಿಗೆ ಸಿಕ್ಕಿಸುವ ಪಟ್ಟಿ. ಪಟ್ಟಿಯ ಗಂಟು ಬಾಗಿಲ ಆ ಬದಿಗೆ, ನೀವು ಈ ಬದಿಗೆ. ಬಾಗಿಲು ನಿಮ್ಮಿಂದ ಆಚೆಗೆ ತೆರೆಯುವಂತಿರಬೇಕು, ಆಗ ನೀವು ಎಳೆದಷ್ಟೂ ಅದು ಚೌಕಟ್ಟಿಗೆ ಒತ್ತಿ ಮುಚ್ಚಿಕೊಳ್ಳುತ್ತದೆ. ತಿರುಗುಮುರುಗಾದರೆ ಚಿಲಕ ಸಡಿಲಿದ ಗಳಿಗೆಯಲ್ಲಿ ಬಾಗಿಲು ಮುಖಕ್ಕೆ ಬಡಿಯುತ್ತದೆ. ಬ್ಯಾಂಡನ್ನು ಬಿಸಿಲಿಗೆ, ಎಣ್ಣೆಗೆ ತಾಗಿಸಬೇಡಿ. ವಾರಕ್ಕೊಮ್ಮೆ ಎಳೆದು ಬೆಳಕಿಗೆ ಹಿಡಿದು ನೋಡಿ, ಕೂದಲೆಳೆಯಷ್ಟು ಬಿರುಕು ಕಂಡರೂ ಎಸೆಯಿರಿ.

ಇನ್ನೊಂದು ಮಾತು. ಯಜಮಾನರ ಸ್ಕ್ವಾಟ್ 70ರಿಂದ 100ಕ್ಕೆ ಏರಿಸುವ ಆಸೆ ಇದ್ದರೆ ಜಿಮ್ಮೇ ಸರಿ. ಸೇಫ್ಟಿ ಕಂಬಿ ಇರುವ ರ‍್ಯಾಕು, 20 ಕೆ.ಜಿ. ರಾಡು, ಪ್ಲೇಟು ಇವೆಲ್ಲ 30,000ದಲ್ಲಿ ಒಳ್ಳೆಯ ಗುಣಮಟ್ಟದಲ್ಲಿ ಆಗುವ ಮಾತಲ್ಲ.

ನಂದಿಬಟ್ಟಲು

ಎಲ್ಲರಿಗೂ ತುಂಬಾ ಧನ್ಯವಾದ. ಟ್ರೆಡ್‌ಮಿಲ್ ಕೈಬಿಟ್ಟೆವು. ಯಜಮಾನರಿಗೆ 100ರ ಗುರಿ ಇಲ್ಲ, ಈಗಿರುವ ಬಲ ಇಳಿಯಬಾರದು ಅಷ್ಟೆ. ಡಂಬಲ್ 19.5ಕ್ಕೇ ನಿಂತರೆ ಅವರ ಕಾಲಿಗೂ ಎದೆಗೂ ಸಾಕಾಗುತ್ತಾ? ಅತ್ತೆಗೆ ಸೈಕಲ್ ಸೆಕೆಂಡ್‌ಹ್ಯಾಂಡ್ ನೋಡಬಹುದಾ?

ಕಬ್ಬಿಣಗುಂಡು

ಕಾಲಿಗೆ ಸಾಕು, ಎದೆಗೆ ಸ್ವಲ್ಪ ದಿನಕ್ಕೆ ಸಾಕು.

ಕಾಲಿಗೆ ಎರಡೂ ಕೈಯಲ್ಲಿ ಡಂಬಲ್ ಹಿಡಿದು ಹಿಂಗಾಲನ್ನು ಬೆಂಚಿನ ಮೇಲಿಟ್ಟು ಮುಂಗಾಲಲ್ಲಿ ಕುಳಿತೇಳುವ ಸ್ಪ್ಲಿಟ್ ಸ್ಕ್ವಾಟ್ ಮಾಡಲಿ. ಕೈಯಲ್ಲಿ ಒಟ್ಟು 39 ಕೆ.ಜಿ., ಅದರ ಮೇಲೆ ದೇಹದ ತೂಕದ ಹೆಚ್ಚು ಪಾಲೂ ಒಂದೇ ಕಾಲಿಗೆ ಬೀಳುತ್ತದೆ. ಎರಡು ಕಾಲಿನ 70ಕ್ಕಿಂತ ಇದು ಹಗುರವಲ್ಲ. ಬೆಂಚಿನ ಅಂಚಿನಿಂದ ಮುಂಪಾದಕ್ಕೆ ಎರಡರಿಂದ ಎರಡೂವರೆ ಅಡಿ ಅಂತರ. ತೀರಾ ಹತ್ತಿರವಾದರೆ ಹಿಮ್ಮಡಿ ಏಳುತ್ತದೆ. ತೊಡೆಯ ಹಿಂಭಾಗಕ್ಕೆ ಉದ್ದ ರಾಡಿನಲ್ಲಿ ರೊಮೇನಿಯನ್ ಡೆಡ್‌ಲಿಫ್ಟ್, ಸೊಂಟ ಹಿಂದಕ್ಕೆ ತಳ್ಳಿ, ಬೆನ್ನು ನೇರವಿಟ್ಟು, ರಾಡು ಮೊಣಕಾಲಿನ ಕೆಳಗೆ ಬಂದ ಕೂಡಲೇ ವಾಪಸ್. ಮೊಬೈಲನ್ನು ಪಕ್ಕದಲ್ಲಿ ಸೊಂಟದ ಎತ್ತರಕ್ಕಿಟ್ಟು ವಿಡಿಯೋ ಮಾಡಿದರೆ ಬೆನ್ನು ಬಾಗಿದ್ದು ತಕ್ಷಣ ಕಾಣುತ್ತದೆ. ಮನೆಯಲ್ಲಿ ಕೋಚ್ ಇಲ್ಲದ ಕೊರತೆಯನ್ನು ಇದು ಬಹುಮಟ್ಟಿಗೆ ತುಂಬುತ್ತದೆ.

ಎದೆಗೆ: ರಾಡಿನಲ್ಲಿ 50 ಎತ್ತುವವರಿಗೆ ಡಂಬಲ್‌ನಲ್ಲಿ ಒಟ್ಟು 40ರ ಆಸುಪಾಸು ಬರುತ್ತದೆ, ಅಂದರೆ 19.5 ಈಗ ಸರಿಯಾದ ಭಾರ. ಕೆಲವು ತಿಂಗಳಲ್ಲಿ ಹಗುರವಾಗುತ್ತದೆ. ಆಗ 2.5ರ ಇನ್ನೂ ನಾಲ್ಕು ಪ್ಲೇಟು ತಂದರೆ 24.5ಕ್ಕೆ ಏರುತ್ತದೆ. ಅಷ್ಟು ಪ್ಲೇಟು ಹಾಕಿದ ಮೇಲೂ ನಟ್ಟು ಪೂರ್ತಿ ಕೂರುವಷ್ಟು ರಾಡು ಉದ್ದವಿರಬೇಕು, ಆದ್ದರಿಂದ ಈಗಲೇ 14 ಇಂಚಿಗಿಂತ ಗಿಡ್ಡ ರಾಡು ತರಬೇಡಿ. ಒಂಟಿಯಾಗಿದ್ದಾಗ ಬೆಂಚಿನ ಮೇಲೆ ಉದ್ದ ರಾಡಿನಲ್ಲಿ ಪ್ರೆಸ್ ಬೇಡ, ಕೈ ಸೋತರೆ ರಾಡು ಕುತ್ತಿಗೆಯ ಮೇಲೆ. ಡಂಬಲ್ ಆದರೆ ಪಕ್ಕಕ್ಕೆ ಇಳಿಸಬಹುದು.

ಭಾರ ಏರಿಸುವ ಕ್ರಮ ಇಬ್ಬರಿಗೂ ಒಂದೇ: 3 ಸೆಟ್ಟು (ಸುತ್ತು), ಒಂದೊಂದರಲ್ಲೂ 8ರಿಂದ 12 ಸಲ. ಮೂರರಲ್ಲೂ 12 ತಲುಪಿದ ಮೇಲೆ ಮುಂದಿನ ಸಲ ಎರಡೂವರೆ ಕೆ.ಜಿ. ಸೇರಿಸಿ ಮತ್ತೆ 8ರಿಂದ ಶುರು. ನಿಮಗೆ ಭುಜದ ಕಸರತ್ತಿನಲ್ಲಿ ಈ ಮೆಟ್ಟಿಲು ದೊಡ್ಡದಾಗುತ್ತದೆ. 4.5ರಿಂದ 7ಕ್ಕೆ ಅಂದರೆ ಒಂದೇ ಸಲಕ್ಕೆ ಅರ್ಧದಷ್ಟು ಹೆಚ್ಚಳ. ಅಲ್ಲಿ 12ಕ್ಕೆ ನಿಲ್ಲದೆ 20 ಸಲದವರೆಗೂ ಹೋಗಿ, ಆಮೇಲೆ ಏರಿಸಿ.

ದುಡ್ಡು ಹಂಚುವುದಾದರೆ ಸುಮಾರು ಅರ್ಧ ಪ್ಲೇಟು ರಾಡಿಗೆ, ಉಳಿದದ್ದು ಬೆಂಚು, ಹಾಸು, ಬ್ಯಾಂಡು, ಸೈಕಲ್‌ಗೆ. ಪುಲ್‌ಅಪ್ ಸ್ಟ್ಯಾಂಡ್ ಆರು ತಿಂಗಳು ಬಿಟ್ಟು ನೋಡಿ.

ಬೆಲ್ಟ್_ಬೇರಿಂಗ್

ಸೈಕಲ್ ಸೆಕೆಂಡ್‌ಹ್ಯಾಂಡ್ ಧಾರಾಳ ನೋಡ್ರಿ, ಅದರಾಗ ಕೆಡೋ ಭಾಗ ಕಡಿಮಿ. ಕುಂತು ಐದು ನಿಮಿಷ ತುಳೀರಿ. ಪ್ರತಿ ಸುತ್ತಿಗೆ ಒಮ್ಮೆ 'ಟಕ್' ಅಂದ್ರ ಕ್ರ್ಯಾಂಕ್ (ಪೆಡಲ್ ಕೂಡಿಸಿರೋ ತೋಳು) ಅಥವಾ ಪೆಡಲ್ ಸಡಿಲ, ಒಂದೇ ಸಮ ಗರಗರ ಅಂದ್ರ ಬೇರಿಂಗ್. ಬಿಗಿಯ ನಾಬ್ 1ರಿಂದ 8ರ ತನಕ ತಿರುವಿದಾಗ ಪ್ರತಿ ಹಂತಕ್ಕೂ ವ್ಯತ್ಯಾಸ ಕಾಲಿಗೆ ಗೊತ್ತಾಗಬೇಕು. ಗೊತ್ತಾಗದಿದ್ರ ಒಳಗಿನ ತಂತಿ ಕಳಚಿರತೈತಿ, ಅದು ಸಣ್ಣ ರಿಪೇರಿ, ಬೆಲೆ ಇಳಿಸಾಕ ಹೇಳ್ರಿ. ಸೀಟಿನ ಕಂಬದ ತೂತು ಮೊಟ್ಟಿ ಆಕಾರಕ್ಕ ಹಿಗ್ಗಿದ್ರ, ವೆಲ್ಡಿಂಗ್ ಹತ್ರ ಬಣ್ಣ ಬಿರಿದು ತುಕ್ಕಿನ ಗೆರಿ ಕಂಡ್ರ ಬಿಟ್ಟು ಬರ್ರಿ.

ಎಡ ಪೆಡಲ್ ತಪ್ಪದ ಬಿಚ್ಚಿ ನೋಡ್ರಿ. ಎಡಗಡೆ ಥ್ರೆಡ್ ಉಲ್ಟಾ ಇರತೈತಿ, ಗಡಿಯಾರದ ದಿಕ್ಕಿಗೆ ತಿರುವಿದ್ರ ಬಿಚ್ಚತೈತಿ. ಇದು ಗೊತ್ತಿಲ್ಲದವ್ರು ತಪ್ಪು ಕಡೆ ಜಗ್ಗಿ ಕ್ರ್ಯಾಂಕ್‌ನ ಥ್ರೆಡ್ ಕಿತ್ತಿರತಾರ, ಆಮ್ಯಾಲೆ ಎಷ್ಟು ಬಿಗಿ ಮಾಡಿದ್ರೂ ಪೆಡಲ್ ನಿಲ್ಲಂಗಿಲ್ಲ, ಅತ್ತಿಯವ್ರು ತುಳಿಯುವಾಗ ಕಳಚಿ ಬೀಳತೈತಿ. ಥ್ರೆಡ್ ಚೊಕ್ಕ ಇದ್ರ ಒಂದು ಹನಿ ಹೊಲಿಗಿ ಯಂತ್ರದ ಎಣ್ಣಿ ಹಾಕಿ, ಮೊದಲ ಮೂರು ಸುತ್ತು ಕೈಯಿಂದನ ಕೂಡಿಸಿ, ಆಮ್ಯಾಲೆ 15 ನಂಬರ್ ಸ್ಪ್ಯಾನರ್‌ನಿಂದ ಬಿಗಿ ಮಾಡ್ರಿ. ಒಂದು ವಾರ ತುಳಿದ ಮ್ಯಾಲೆ ಮತ್ತೊಮ್ಮೆ ಬಿಗಿ ನೋಡ್ರಿ.